ಆಪರೇಷನ್‌ಗೆ ಮುಂಚೆ ಇಸಿಜಿಯಲ್ಲಿ ‘ಚೇಂಜಸ್’ ಬಂದರೆ

ಪಿತ್ತಕೋಶದ ಕಲ್ಲಿನ ಆಪರೇಷನ್‌ಗೆ ಬಂದಿದ್ದ ತಾಯಿ ಸೆರಗಿನ ತುದಿ ಹಿಡಿದುಕೊಂಡು ಸುಮ್ನೆ ಕೂತಿದ್ದರು. ಮಗನ ಕೈಯಲ್ಲಿ ಇಸಿಜಿ ಕಾಗದ. “ಡಾಕ್ಟ್ರೇ, ಅಮ್ಮಂಗೆ ಯಾವಾಗ ಹಾರ್ಟ್ ಅಟ್ಯಾಕ್ ಆಯ್ತು? ನಮಗೆ ಗೊತ್ತೇ ಆಗ್ಲಿಲ್ವಲ್ಲ!” ಕಾಗದದ ಮೇಲ್ತುದಿಯಲ್ಲಿ ‘ಸೆಪ್ಟಲ್ ಇನ್‌ಫಾರ್ಕ್ಟ್’, ಅಂದರೆ ಹೃದಯದ ನಡುಗೋಡೆಗೆ ಅಟ್ಯಾಕ್‌ನಿಂದ ಆದ ಪೆಟ್ಟು, ಎಂದು ಅಚ್ಚಾಗಿತ್ತು. ಹುಡುಗ ಮೊಬೈಲಿನಲ್ಲಿ ಅದರ ಅರ್ಥ ನೋಡಿಕೊಂಡೇ ಬಂದಿದ್ದ.

ಆ ಸಾಲು ಬರೆದದ್ದು ಮೆಷಿನ್ನು. ಅದು ಬರೀ ಅಂದಾಜು. ಎದೆಗೆ ಹಚ್ಚುವ 6 ಲೀಡ್‌ಗಳಲ್ಲಿ ಮೊದಲೆರಡು ಎದೆಮೂಳೆಯ ಪಕ್ಕ, ಪಕ್ಕೆಲುಬುಗಳ ನಡುವಿನ 4ನೇ ಸಂದಿನಲ್ಲಿ ಕೂರಬೇಕು. ಹೆಂಗಸರಿಗೆ ಸಂಕೋಚ ಆಗಬಾರದೆಂದು ಎಷ್ಟೋ ಸಲ ಅವನ್ನು ಆ ಜಾಗಕ್ಕಿಂತ ಮೇಲಕ್ಕೇ ಹಚ್ಚಿಬಿಡುತ್ತಾರೆ. ಆಗ ಗೆರೆ ಬದಲಾಗಿ, ಹಳೇ ಅಟ್ಯಾಕ್ ಆದ ಹಾಗೆ ಕಾಣಬಹುದು. ಪರದೆ ಎಳೆದು, ಲೀಡ್ ಸರಿಯಾದ ಜಾಗಕ್ಕೆ ಹಚ್ಚಿಸಿ ಮತ್ತೆ ಇಸಿಜಿ ತೆಗೆಸಿದೆ. ಆ ಸಾಲು ಬರಲಿಲ್ಲ.

ಹಾಗಂತ ಎಲ್ಲವನ್ನೂ ಮೆಷಿನ್ನಿನ ತಲೆಗೆ ಕಟ್ಟುವ ಹಾಗಿಲ್ಲ. ಸಕ್ಕರೆ ಕಾಯಿಲೆ ಇರುವವರಿಗೆ ಎದೆನೋವೇ ಇಲ್ಲದೆ ಅಟ್ಯಾಕ್ ಆಗಿಹೋಗಿರಬಹುದು. ಅದಕ್ಕೇ ನಾನು ಎಲ್ಲರನ್ನೂ ಕೇಳುತ್ತೇನೆ: ಎರಡು ಮಹಡಿ ನಿಲ್ಲದೆ ಹತ್ತುತ್ತೀರಾ? ಏದುಸಿರು ಬರುತ್ತಾ? ಆರಾಮಾಗಿ ಹತ್ತುವವರ ಇಸಿಜಿಯಲ್ಲಿ ‘ರೈಟ್ ಬಂಡಲ್ ಬ್ರಾಂಚ್ ಬ್ಲಾಕ್’ (ಹೃದಯದ ಬಲಭಾಗಕ್ಕೆ ವಿದ್ಯುತ್ ಸಂಕೇತ ಒಯ್ಯುವ ದಾರಿಯಲ್ಲಿ ತಡೆ) ಅಂತ ಬಂದರೆ ಸಾಮಾನ್ಯವಾಗಿ ನನಗೆ ಚಿಂತೆಯಿಲ್ಲ. ಅದೇ ತಡೆ ಹೊಸದಾಗಿ ‘ಲೆಫ್ಟ್’, ಅಂದರೆ ಎಡಗಡೆ, ಅಂತ ಬಂದರೆ ಎಕೋ (ಹೃದಯದ ಸ್ಕ್ಯಾನಿಂಗ್) ಮಾಡಿಸುತ್ತೇನೆ. ಮಂಡಿನೋವಿನವರು ಮೆಟ್ಟಿಲನ್ನೇ ಹತ್ತಿರುವುದಿಲ್ಲ. ಅವರ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು.

ಎಕೋ ರಿಪೋರ್ಟ್ ಬಂದ ಮೇಲೆ ಇನ್ನೊಂದು ಗಾಬರಿ. “60 ಪರ್ಸೆಂಟ್ ಅಷ್ಟೇ ಕೆಲಸ ಮಾಡ್ತಿದೆಯಂತೆ, ಉಳಿದ 40 ಹೋಯ್ತಾ?” ಇಲ್ಲ. ಹೃದಯ ಒಂದು ಬಡಿತಕ್ಕೆ ತನ್ನೊಳಗಿನ ರಕ್ತವನ್ನೆಲ್ಲ ಹೊರಗೆ ತಳ್ಳುವುದೇ ಇಲ್ಲ. ನೂರಕ್ಕೆ 55ರಿಂದ 70 ಪಾಲು ತಳ್ಳುತ್ತಿದ್ದರೆ ಚೆನ್ನಾಗಿದೆ ಅಂತಲೇ ಅರ್ಥ. ಈ ಒಂದು ಮಾತನ್ನು ರಿಪೋರ್ಟ್ ಕೊಡುವಾಗಲೇ ಹೇಳಿದರೆ ಎಷ್ಟು ಮನೆಯವರ ನಿದ್ದೆ ಉಳಿಯುತ್ತೆ, ಅಲ್ವಾ?

ನಿಜವಾಗಿಯೂ ತೊಂದರೆ ಸಿಕ್ಕಿದರೆ ಮುಂದೇನು ಎನ್ನುವುದು ಆಪರೇಷನ್ ಎಷ್ಟು ತುರ್ತು ಎಂಬುದರ ಮೇಲೆ ನಿಂತಿದೆ. ಇತ್ತೀಚೆಗೆ ಅಟ್ಯಾಕ್ ಆಗಿದ್ದರೆ, ಕಾಯಬಹುದಾದ ಆಪರೇಷನ್ನನ್ನು ಕನಿಷ್ಠ 60 ದಿನ ಮುಂದಕ್ಕೆ ಹಾಕುತ್ತೇವೆ. ಸ್ಟೆಂಟ್ (ಹೃದಯದ ರಕ್ತನಾಳ ತೆರೆದಿಡುವ ಜಾಲರಿ ಕೊಳವೆ) ಹಾಕಿಸಿದ್ದರೆ ಇನ್ನೂ ಜಾಸ್ತಿ, ಕೆಲವರಿಗೆ ವರ್ಷದವರೆಗೂ. ಅಪೆಂಡಿಕ್ಸ್ ಒಡೆದಿದ್ದರೆ ಕಾಯುವ ಮಾತೇ ಇಲ್ಲ. ಹೃದಯದ ಮೇಲೆ ಕಣ್ಣಿಟ್ಟುಕೊಂಡೇ ಅರಿವಳಿಕೆ ಕೊಡುತ್ತೇವೆ. ಸ್ಟೆಂಟ್ ಇರುವವರು ಆಪರೇಷನ್ ಇದೆ ಅಂತ ರಕ್ತ ತೆಳುವಾಗಿಸುವ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬೇಡಿ. ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಿ ಅದು ಮುಚ್ಚಿಕೊಂಡುಬಿಡಬಹುದು.

ನನಗೆ ತುಂಬಾ ಸಹಾಯ ಮಾಡುವ ವಸ್ತು ನಿಮ್ಮ ಹಳೇ ಇಸಿಜಿ. ಐದು ವರ್ಷದ ಹಿಂದೆಯೂ ಗೆರೆ ಹೀಗೇ ಇತ್ತು ಅಂತ ಗೊತ್ತಾದರೆ ಅರ್ಧ ಪ್ರಶ್ನೆ ಅಲ್ಲೇ ಮುಗಿಯುತ್ತೆ. ಆದರೆ ಆ ಕಾಗದದ ಗೆರೆ ಬೀರುವಿನಲ್ಲಿಟ್ಟರೂ ವರ್ಷಗಳಲ್ಲಿ ಮಾಸಿಹೋಗುತ್ತೆ. ಇಸಿಜಿ ತೆಗೆಸಿದ ದಿನವೇ, ತಾರೀಕು ಕಾಣುವ ಹಾಗೆ, ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.