ಮಕ್ಕಳು, ಹಿರಿಯರು ಮತ್ತು ಒಂದು ಚೌಕಾಬಾರದ ಮನೆ: ಅಧ್ಯಯನ ಟಿಪ್ಪಣಿ

ಸಮಾಜಕಾರ್ಯ ಓದುತ್ತಿರುವ ಜೂನಿಯರ್‌ಗಳು ಕೇಳಿದ್ದಕ್ಕೆ ಈ ಟಿಪ್ಪಣಿ ಬರೆಯುತ್ತಿದ್ದೇನೆ. ಮಕ್ಕಳನ್ನೂ ಹಿರಿಯರನ್ನೂ ಒಟ್ಟಿಗೆ ಸೇರಿಸುವ ಕಾರ್ಯಕ್ರಮಗಳ ಬಗ್ಗೆ ನಮ್ಮ ನೋಟ್ಸ್‌ನಲ್ಲಿ ಇರುವುದು ಎರಡೇ ಪುಟ. ಓದಿದರೆ ಎಲ್ಲ ಗೊತ್ತಿರುವ ವಿಷಯವೇ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು, ಮಂಡ್ಯ ಜಿಲ್ಲೆಯ ಒಂದು ಹಳ್ಳಿಗೆ ಫೀಲ್ಡ್‌ವರ್ಕ್‌ಗೆ ಹೋಗುವ ತನಕ.

ಮೊದಲು ಮೈಸೂರನ್ನೇ ನೋಡಿ. ಬೆಳಗ್ಗೆ ಆರಕ್ಕೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಹಿರಿಯರ ವಾಕಿಂಗ್. ಎಂಟೂವರೆಗೆ ರಸ್ತೆ ತುಂಬ ಸ್ಕೂಲ್ ವ್ಯಾನು. ಸಂಜೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ಮತ್ತೆ ಹಿರಿಯರು, ಅಷ್ಟು ಹೊತ್ತಿಗೆ ಮಕ್ಕಳು ಟ್ಯೂಷನ್‌ನಲ್ಲಿ. ಬಡಾವಣೆ ಒಂದೇ, ಟೈಂಟೇಬಲ್ ಎಲ್ಲೂ ಕೂಡುವುದಿಲ್ಲ. ಹಳ್ಳಿಯಲ್ಲಿ ಇನ್ನೂ ಅಜ್ಜಿ ಮೊಮ್ಮಕ್ಕಳು ಒಟ್ಟಿಗೆ ಇರುತ್ತಾರೆ ಅಲ್ವಾ ಅಂತ ಕೇಳಬಹುದು. ಒಂದೇ ಸೂರಿನಡಿ ಇರುತ್ತಾರೆ, ನಿಜ. ಆದರೆ ದುಡಿಯುವ ಮಗ ಬೆಂಗಳೂರಿಗೆ ಹೋದ ಮನೆಗಳಲ್ಲಿ ಮೊಮ್ಮಗುವೂ ಅವನ ಜೊತೆಗೇ ಹೋಗಿರುತ್ತದೆ.

ಯಾವುದು ಇದಲ್ಲ

ಅಕ್ಟೋಬರ್ 1 ವಿಶ್ವ ಹಿರಿಯ ನಾಗರಿಕರ ದಿನ. ವಿಶ್ವಸಂಸ್ಥೆ 1990ರಲ್ಲಿ ತೀರ್ಮಾನಿಸಿತು, 1991ರಿಂದ ಆಚರಣೆ ಶುರುವಾಯಿತು. ಆ ದಿನದ ಕಾರ್ಯಕ್ರಮ ನೀವೂ ನೋಡಿರುತ್ತೀರಿ. ಹಿರಿಯರಿಗೆ ಪೇಟ, ಶಾಲು, ಹಣ್ಣಿನ ಬುಟ್ಟಿ. ಮಕ್ಕಳ ಡ್ಯಾನ್ಸ್. ಗ್ರೂಪ್ ಫೋಟೊ. ಆಮೇಲೆ ಉಪ್ಪಿಟ್ಟು, ಕೇಸರಿಬಾತ್. ಅದನ್ನು ಆಡಿಕೊಳ್ಳುತ್ತಿಲ್ಲ, ಉಪ್ಪಿಟ್ಟು ನಾನೂ ತಿಂದಿದ್ದೇನೆ. ಆದರೆ ಅಲ್ಲಿ ಒಂದು ಮಗುವಿಗೆ ಒಬ್ಬ ಅಜ್ಜನ ಹೆಸರೂ ಗೊತ್ತಾಗುವುದಿಲ್ಲ.

ನಮ್ಮ ವಿಷಯದಲ್ಲಿ 'ಕಾರ್ಯಕ್ರಮ' ಅನ್ನಿಸಿಕೊಳ್ಳಲು ಮೂರು ಗುಣ ಬೇಕು. ಒಂದು ಉದ್ದೇಶ ಇರಬೇಕು. ಮತ್ತೆ ಮತ್ತೆ ನಡೆಯಬೇಕು. ಕೊಡುವುದು, ಪಡೆಯುವುದು ಎರಡೂ ಕಡೆಯಿಂದ ಆಗಬೇಕು. ಪರೀಕ್ಷೆಯಲ್ಲಿ ಹೆಚ್ಚಿನವರು ಬಿಡುವುದು ಮೂರನೆಯದನ್ನು.

ಸಿದ್ಧಾಂತ, ಚಿಕ್ಕದಾಗಿ

ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್‌ಸನ್ ಮನುಷ್ಯನ ಬೆಳವಣಿಗೆಯನ್ನು 8 ಹಂತಗಳಾಗಿ ಹೇಳಿದ. ಮುಂದಿನವರಿಗೆ ಏನಾದರೂ ಕೊಟ್ಟು ಹೋಗಬೇಕು ಅನ್ನುವ ತುಡಿತ 7ನೇ ಹಂತ. ಇದನ್ನು ಎಲ್ಲರೂ ಮುಪ್ಪಿನ ಹಂತ ಅಂತ ಬರೆದು ಮಾರ್ಕ್ಸ್ ಕಳೆದುಕೊಳ್ಳುತ್ತಾರೆ. ಅವನ ಪ್ರಕಾರ ಅದು ನಡುವಯಸ್ಸಿನದು. ಮುಪ್ಪಿನದು 8ನೇ ಹಂತ: ಬಾಳಿದ ಬಾಳಿನ ಬಗ್ಗೆ ಸಮಾಧಾನವೋ, ಹತಾಶೆಯೋ ಅನ್ನುವುದು. ಆದರೆ ಕೊಡುವ ತುಡಿತ ರಿಟೈರ್ ಆದ ದಿನ ನಿಲ್ಲುವುದಿಲ್ಲ. ಅದಕ್ಕೇ ನಮ್ಮ ಪಾಠದಲ್ಲಿ ಈ ಎರಡೂ ಹಂತಗಳನ್ನು ಜೊತೆಗೆ ಓದಬೇಕು.

ಇನ್ನೊಬ್ಬ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್. 1954ರಲ್ಲಿ ಇವನು ಹೇಳಿದ್ದು ಬೇರೆ ಬೇರೆ ಜನಾಂಗದವರ ನಡುವಿನ ಪೂರ್ವಗ್ರಹದ ಬಗ್ಗೆ. ಸುಮ್ನೆ ಎದುರುಬದುರು ಕೂರಿಸಿದರೆ ಪೂರ್ವಗ್ರಹ ಹೋಗುವುದಿಲ್ಲ, ಅದಕ್ಕೆ ನಾಲ್ಕು ಷರತ್ತು ಇವೆ ಅಂದ: ಇಬ್ಬರಿಗೂ ಸಮಾನ ಸ್ಥಾನ, ಒಂದೇ ಗುರಿ, ಕೂಡಿ ಮಾಡುವ ಕೆಲಸ, ಮೇಲಿನವರ ಬೆಂಬಲ. ವಯಸ್ಸಿನ ಅಂತರಕ್ಕೂ ಇದು ಹಾಗೇ ಹೊಂದುತ್ತದೆ ಅಂತ ಆಮೇಲಿನವರು ಹಿಡಿದುಕೊಂಡರು. ಸಮಾನ ಸ್ಥಾನ ಅನ್ನುವುದು ನನ್ನ ತಲೆಗೆ ಹತ್ತಿರಲೇ ಇಲ್ಲ. ಎಪ್ಪತ್ತರ ಅಜ್ಜಿಗೂ ಎಂಟರ ಹುಡುಗನಿಗೂ ಯಾವ ಸಮಾನತೆ? ಉತ್ತರ ಸಿಕ್ಕಿದ್ದು ಚೌಕಾಬಾರದ ಮನೆಯ ಮುಂದೆ.

ಫೀಲ್ಡ್‌ವರ್ಕ್‌ನಲ್ಲಿ ಆಗಿದ್ದು

ಶಾಲೆ ಬಿಟ್ಟ ಮೇಲೆ, ನಾಲ್ಕೂವರೆಗೆ, ಶಾಲೆಯ ಪಡಸಾಲೆಯಲ್ಲಿ 'ಅಜ್ಜಿ ಕಥೆ' ಅಂತ ನಾನು ಟೈಂ ಹಾಕಿದೆ. ಮೊದಲ ದಿನ ಹನ್ನೊಂದು ಮಂದಿ ಅಜ್ಜಿಯರು ಬಂದರು. ಎರಡನೇ ವಾರ ಇಬ್ಬರು. ಯಾಕೆ ಅಂತ ಮನೆಗೆ ಹೋಗಿ ಕೇಳಿದರೆ ಒಬ್ಬರು ನಕ್ಕುಬಿಟ್ಟರು. "ನಿಮ್ಮ ಕಥೆ ಕೇಳ್ಕೊಂಡು ಕೂತ್ರೆ ಡೈರಿಗೆ ಹಾಲು ಯಾರು ಹಾಕ್ತಾರೆ?" ಮಂಡ್ಯ ಕಡೆ ಸಂಜೆ ಹೊತ್ತು ಅಂದರೆ ಹಾಲು ಕರೆಯುವ ಹೊತ್ತು. ಅದು ಗೊತ್ತಿಲ್ಲದೆ ಮೂರು ಪುಟದ ಯೋಜನೆ ಬರೆದಿದ್ದೆ. ತಪ್ಪು ಪೂರ್ತಿ ನನ್ನದೇ. ಆಮೇಲೆ ಶನಿವಾರ ಬೆಳಗ್ಗೆ ಶಾಲೆ ಬಿಟ್ಟ ಮೇಲಿನ ಹೊತ್ತಿಗೆ ಬದಲಾಯಿಸಿದೆವು.

ಕಥೆಯೂ ಓಡಲಿಲ್ಲ. ಕಥೆ ಅಂದರೆ ಒಬ್ಬರು ಹೇಳುವುದು, ಉಳಿದವರು ಕೈಕಟ್ಟಿ ಕೂರುವುದು. ಮಕ್ಕಳಿಗೆ ಅದು ಇನ್ನೊಂದು ಪೀರಿಯಡ್. ಆಗ ಒಬ್ಬ ಅಜ್ಜ ಚಾಕ್‌ಪೀಸ್ ಇಸಿದುಕೊಂಡು ನೆಲದ ಮೇಲೆ ಚೌಕಾಬಾರ ಬರೆದರು. ಅಡ್ಡ ಐದು, ಉದ್ದ ಐದು, ಒಟ್ಟು 25 ಮನೆ. ನಾಲ್ಕೂ ಬದಿಯ ನಡುಮನೆಗೆ ಅಡ್ಡಗೀಟು ಹಾಕಿದರೆ ಅದು ಕಟ್ಟೆ, ಅಲ್ಲಿ ಕೂತ ಕಾಯಿಯನ್ನು ಯಾರೂ ಕಡಿಯುವಂತಿಲ್ಲ. ಕವಡೆ ಇರಲಿಲ್ಲ. ಹುಣಸೆಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಮೈ ಬೆಳ್ಳಗೆ ಮಾಡಿದರು. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕು. ನಾಲ್ಕೂ ಕಪ್ಪು ಬಿದ್ದರೆ ಬಾರಾ, ಎಂಟು. ಕಾಯಿಗೆ ಬಳೆಚೂರು, ಹೊಂಗೆಬೀಜ, ಕಡ್ಡಿಚೂರು, ಒಬ್ಬನದು ಪೆನ್ನಿನ ಮುಚ್ಚಳ.

ಇಲ್ಲಿ ನನಗೆ ಆಲ್‌ಪೋರ್ಟ್ ಅರ್ಥವಾದ. ಹುಣಸೆಬೀಜಕ್ಕೆ ವಯಸ್ಸು ಗೊತ್ತಿಲ್ಲ. ಅಜ್ಜನಿಗೂ ಒಂದು ಬೀಳಬಹುದು, ಮೂರನೇ ಕ್ಲಾಸಿನ ಹುಡುಗಿಗೂ ಬಾರಾ ಬೀಳಬಹುದು. ಅದೃಷ್ಟ ಅರ್ಧ, ಲೆಕ್ಕ ಅರ್ಧ. ಕೇರಂ ಇಟ್ಟಿದ್ದರೆ ಮಕ್ಕಳೇ ಗೆಲ್ಲುತ್ತಿದ್ದರು, ಒಗಟು ಇಟ್ಟಿದ್ದರೆ ಹಿರಿಯರೇ ಗೆಲ್ಲುತ್ತಿದ್ದರು.

ಆದರೂ ಮೊದಲ ದಿನ ಹಿರಿಯರ ತಂಡ, ಮಕ್ಕಳ ತಂಡ ಅಂತ ಮಾಡಿ ಕೆಡಿಸಿದೆ. 'ನಾವು, ಅವರು' ಇನ್ನೂ ಗಟ್ಟಿಯಾಯಿತು. ಒಬ್ಬ ಹುಡುಗ "ಮುದುಕರು ಮೋಸ ಮಾಡ್ತಾರೆ" ಅಂದ. ಮುಂದಿನ ವಾರ ಜೋಡಿ ಮಾಡಿದೆವು: ಒಬ್ಬರು ಹಿರಿಯರು, ಒಂದು ಮಗು ಸೇರಿ ಒಂದು ಪಕ್ಷ. ಬೀಜ ಹಾಕುವುದು ಮಗು, ಯಾವ ಕಾಯಿ ನಡೆಸಬೇಕು ಅಂತ ಇಬ್ಬರೂ ಮಾತಾಡಿ ತೀರ್ಮಾನಿಸಬೇಕು. ಅಷ್ಟೇ ಬದಲಾವಣೆ. ಪಿಸುಮಾತು ಶುರುವಾಯಿತು. ಅಜ್ಜಿಯ ಕಿವಿಗೆ ಬಾಯಿಟ್ಟು "ಬೇಡ, ಅದು ಕಟ್ಟೆಯಲ್ಲೇ ಇರ್ಲಿ" ಅನ್ನುವ ಹುಡುಗಿ. ಕಾಯಿ ನಟ್ಟನಡುವಿನ ಮನೆ ಸೇರಿದರೆ ಅದು ಹಣ್ಣಾಯಿತು ಅನ್ನುತ್ತಾರೆ. ಸೋಲುತ್ತಿದ್ದ ಅಜ್ಜ ಒಬ್ಬರು, "ನಾನೇ ಹಣ್ಣಾಗಿ ಕೂತಿದ್ದೀನಿ, ನನ್ನ ಕಾಯಿ ಮಾತ್ರ ಇನ್ನೂ ಹಣ್ಣಾಗ್ಲಿಲ್ಲ ಕಣ್ಲಾ" ಅಂದಾಗ ಪಡಸಾಲೆಯೆಲ್ಲ ನಗು.

ಜಗಳವೂ ಆಯಿತು. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗಬಹುದೇ? ಒಬ್ಬ ಅಜ್ಜಿಯ ತವರಿನಲ್ಲಿ ಹೋಗಬಹುದು, ಈ ಊರಿನಲ್ಲಿ ಹೋಗುವಂತಿಲ್ಲ. ನಾನು ಮಧ್ಯೆ ಬಾಯಿ ಹಾಕಲಿಲ್ಲ. ಆ ನೆಪದಲ್ಲಿ ಆಕೆಯ ತವರು ಯಾವುದು, ಅಲ್ಲಿಗೆ ನಾಲೆ ಬರುವ ಮೊದಲು ಏನು ಬೆಳೆಯುತ್ತಿದ್ದರು ಅನ್ನುವುದೆಲ್ಲ ಹೊರಬಂತು. 'ಅಜ್ಜಿ ಕಥೆ' ಅಂತ ಕೂರಿಸಿದಾಗ ಇದರಲ್ಲಿ ಒಂದು ಮಾತೂ ಬಂದಿರಲಿಲ್ಲ.

(ಹಲಗೆಯಾಟದ ಆಸಕ್ತಿ ಇರುವವರು ಜಗನ್ಮೋಹನ ಅರಮನೆಗೆ ಹೋದಾಗ ಗೋಡೆ ನೋಡಿ. ಮುಮ್ಮಡಿ ಕೃಷ್ಣರಾಜ ಒಡೆಯರು ರೂಪಿಸಿದ ಆಟಗಳನ್ನು ಅಲ್ಲಿ ಬರೆಸಿದ್ದಾರೆ. ನಮ್ಮ ಚಾಕ್‌ಪೀಸಿನ ಮನೆಯ ದೊಡ್ಡ ಮನೆತನದ ನೆಂಟರು ಅಂದುಕೊಳ್ಳಿ.)

ಹೊರಗಿನ ಉದಾಹರಣೆಗಳು

ಟೋಕಿಯೊದ ಕೊತೊಎನ್‌ನಲ್ಲಿ 1976ರಲ್ಲಿ ವೃದ್ಧಾಶ್ರಮವನ್ನೂ ಶಿಶುವಿಹಾರವನ್ನೂ ಒಂದೇ ಕಡೆ ತಂದರು. ನೆದರ್‌ಲೆಂಡ್ಸ್‌ನ ಡೆವೆಂಟರ್ ಊರಿನ ಒಂದು ಹಿರಿಯರ ಮನೆಯಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಬಾಡಿಗೆ ಇಲ್ಲ, ಬದಲಿಗೆ ತಿಂಗಳಿಗೆ 30 ಗಂಟೆ ಅಲ್ಲಿನವರ ಜೊತೆ ಒಳ್ಳೆಯ ನೆರೆಯವರಂತೆ ಕಳೆಯಬೇಕು. ಅಮೆರಿಕದ ಫಾಸ್ಟರ್ ಗ್ರ್ಯಾಂಡ್‌ಪೇರೆಂಟ್ ಯೋಜನೆ 1965ರದು. ಕಡಿಮೆ ಆದಾಯದ ಹಿರಿಯರು ಮಕ್ಕಳಿಗೆ ನೆರವಾಗುತ್ತಾರೆ, ಅದಕ್ಕೆ ಸಣ್ಣ ಗೌರವಧನವೂ ಇದೆ.

ನೆನಪಿಡಬೇಕಾದ್ದು ಬಾಲ್ಟಿಮೋರ್‌ನ ಎಕ್ಸ್‌ಪೀರಿಯನ್ಸ್ ಕೋರ್. 60 ದಾಟಿದವರು ಪ್ರಾಥಮಿಕ ಶಾಲೆಯಲ್ಲಿ ವಾರಕ್ಕೆ 15 ಗಂಟೆ ಮಕ್ಕಳಿಗೆ ಓದು ಕಲಿಸಲು, ಲೈಬ್ರರಿ ನೋಡಿಕೊಳ್ಳಲು ನೆರವಾಗುತ್ತಿದ್ದರು. ರೂಪಿಸಿದವರಲ್ಲಿ ವೈದ್ಯೆ ಲಿಂಡಾ ಫ್ರೀಡ್ ಮುಖ್ಯರು. ಜಾಣತನ ಎಲ್ಲಿದೆ ಅಂದರೆ, ಹಿರಿಯರ ಪಾಲಿಗೆ ಇದು ಆರೋಗ್ಯ ಕಾರ್ಯಕ್ರಮ. ವ್ಯಾಯಾಮ ಮಾಡಿ ಅಂದರೆ ಯಾರೂ ಬರುವುದಿಲ್ಲ. ಮಕ್ಕಳಿಗೆ ನಿಮ್ಮಿಂದ ಕೆಲಸ ಆಗಬೇಕು ಅಂದರೆ ಬರುತ್ತಾರೆ, ಶಾಲೆಯ ಮೆಟ್ಟಿಲೂ ಹತ್ತುತ್ತಾರೆ, ತಲೆಗೂ ಕೆಲಸ ಕೊಡುತ್ತಾರೆ.

ಮರೆವಿನ ಕಾಯಿಲೆ ಇರುವವರನ್ನು ಬಿಟ್ಟುಬಿಡಬೇಕೇ? ಬೇಡ. ಮನಶ್ಶಾಸ್ತ್ರಜ್ಞ ಕ್ಯಾಮರಾನ್ ಕ್ಯಾಂಪ್ ಡಿಮೆನ್ಷಿಯಾ ಇರುವ ಹಿರಿಯರಿಂದಲೇ ಪುಟ್ಟ ಮಕ್ಕಳಿಗೆ ಮಾಂಟೆಸ್ಸರಿ ಚಟುವಟಿಕೆಗಳನ್ನು ಹೇಳಿಕೊಡಿಸಿದರು. ಹೆಸರು, ದಿನ ಮರೆತರೂ ಕೈ ಕಲಿತದ್ದು ಬಹಳ ಕಾಲ ಉಳಿಯುತ್ತದೆ. ನಮ್ಮಲ್ಲಿ ಇದಕ್ಕೆ ಅವರೆಕಾಯಿಗಿಂತ ಒಳ್ಳೆ ಸಾಮಗ್ರಿ ಬೇಕೇ? ಚಳಿಗಾಲದಲ್ಲಿ ನೆನೆಸಿದ ಕಾಳನ್ನು ಎರಡು ಬೆರಳಲ್ಲಿ ಹಿಡಿದು ಹಿತುಕಿದರೆ ಬೇಳೆ ಪುಳಕ್ಕನೆ ಹಾರುತ್ತದೆ. ಆ ಹಳ್ಳಿಯಲ್ಲಿ ನನ್ನ ಹೆಸರನ್ನು ದಿನಕ್ಕೆ ನಾಲ್ಕು ಸಲ ಕೇಳುತ್ತಿದ್ದ ಅಜ್ಜಿಯ ಬೆರಳು ಒಂದು ಸಲವೂ ತಪ್ಪುತ್ತಿರಲಿಲ್ಲ. ಮಕ್ಕಳು ಹಿತುಕಿದ್ದು ಮಾತ್ರ ಗೋಡೆಗೆ.

ಇದರ ಉಲ್ಟಾ ಒಂದು ತಪ್ಪಿದೆ. ಹಿರಿಯರ ಕೈಗೆ ಕ್ರೆಯಾನ್ ಕೊಟ್ಟು ಬಾತುಕೋಳಿಗೆ ಬಣ್ಣ ತುಂಬಿಸುವುದು. ದಯವಿಟ್ಟು ಬೇಡ.

ನಮ್ಮ ಜಿಲ್ಲೆಗಳಲ್ಲಿ ಎಲ್ಲಿ ಮಾಡಬಹುದು

ಹೊಸ ಕಟ್ಟಡ ಬೇಕಿಲ್ಲ. ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ ಯೋಜನೆ ಕರ್ನಾಟಕದಲ್ಲಿ ಶುರುವಾದದ್ದೇ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ, 1975ರ ಅಕ್ಟೋಬರ್ 2ರಂದು, 100 ಅಂಗನವಾಡಿಗಳೊಂದಿಗೆ. ಆ ದಿನ ಅಲ್ಲಿ ಕೂತಿದ್ದ ಮಕ್ಕಳಿಗೆ ಈಗ ಐವತ್ತು ದಾಟಿದೆ. ಇನ್ನು ಕೆಲವೇ ವರ್ಷದಲ್ಲಿ ಅದೇ ಅಂಗನವಾಡಿಗೆ ಅಜ್ಜ ಅಜ್ಜಿಯಾಗಿ ಬರಬಹುದು. ಗ್ರಾಮ ಪಂಚಾಯಿತಿ ಲೈಬ್ರರಿಗಳು ಈಗ ಅರಿವು ಕೇಂದ್ರಗಳಾಗಿವೆ, ಪೇಪರ್ ಓದುವ ಹಿರಿಯರೂ ಪುಸ್ತಕ ತಗೊಳ್ಳುವ ಮಕ್ಕಳೂ ಬರುವ ಜಾಗ ಅದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಗೆ ಹೇಳಿದ 10 ಬ್ಯಾಗ್‌ರಹಿತ ದಿನಗಳಲ್ಲಿ ಊರಿನ ಬಡಗಿ, ಕುಂಬಾರರನ್ನು ಕರೆಯಬಹುದು.

ಸುರಕ್ಷತೆಗೆ ಎರಡೇ ಮಾತು. ಪೋಷಕರ ಒಪ್ಪಿಗೆ ಬರವಣಿಗೆಯಲ್ಲಿ ಇರಲಿ, ಯಾವ ಮಗುವೂ ಒಬ್ಬರೇ ದೊಡ್ಡವರ ಜೊತೆ ಮುಚ್ಚಿದ ಕೋಣೆಯಲ್ಲಿ ಇರಬಾರದು. ಶೀತ, ಕೆಮ್ಮು ಇರುವ ಮಗು ಆ ವಾರ ಬೇಡ. ಮಂಡಿನೋವಿರುವವರಿಗೆ ನೆಲದ ಬದಲು ಜಗಲಿ ಅಥವಾ ಬೆಂಚು. ಕಿವಿ ಮಂದ ಇರುವವರ ಎದುರು ಮಗುವಿನ ಮುಖಕ್ಕೆ ಬೆಳಕು ಬೀಳುವಂತೆ ಕೂರಿಸಿ. ಎರಡು ಅಂದು ಐದು ಹೇಳಿದೆ, ಇರಲಿ.

ಏಳು ಮೆಟ್ಟಿಲು

ಪರೀಕ್ಷೆಗೆ ಖಂಡಿತ ಬರುವುದು ಸಂಶೋಧಕ ಮ್ಯಾಟ್ ಕಪ್ಲಾನ್‌ನ ಅಳತೆಗೋಲು. ಎರಡು ವಯಸ್ಸಿನವರು ಎಷ್ಟು ಆಳವಾಗಿ ಬೆರೆತಿದ್ದಾರೆ ಅಂತ ಇದರಲ್ಲಿ ಅಳೆಯುತ್ತಾರೆ. 1: ಇನ್ನೊಂದು ವಯಸ್ಸಿನವರ ಬಗ್ಗೆ ಪಾಠದಲ್ಲಿ ಓದುವುದು. 2: ದೂರದಿಂದ ನೋಡುವುದು. 3: ಒಮ್ಮೆ ಭೇಟಿ. 4: ವರ್ಷಕ್ಕೊಮ್ಮೆ ಅಥವಾ ಆಗಾಗ ಸೇರುವುದು, ನಮ್ಮ ಅಕ್ಟೋಬರ್ 1 ಹೆಚ್ಚೆಂದರೆ ಇಲ್ಲಿಗೆ. 5: ಕೆಲವು ತಿಂಗಳ ಪ್ರಾಯೋಗಿಕ ಯೋಜನೆ. 6: ನಿರಂತರ ಕಾರ್ಯಕ್ರಮ. 7: ಕಾರ್ಯಕ್ರಮದ ಹಂಗಿಲ್ಲದೆ ಊರಿನ ಬದುಕಿನಲ್ಲೇ ಬೆರೆತುಹೋಗುವುದು.

ನನ್ನ ವರದಿಯಲ್ಲಿ ನಮ್ಮ ಚೌಕಾಬಾರಕ್ಕೆ ಧೈರ್ಯವಾಗಿ 6 ಅಂತ ಬರೆದಿದ್ದೆ. ಸೆಮಿಸ್ಟರ್ ಮುಗಿದ ಮೇಲೆ ಒಂದು ಶನಿವಾರ ಸುಮ್ನೆ ಹೋಗಿ ನೋಡಿದರೆ ಪಡಸಾಲೆಗೆ ಬೀಗ. ಬೀಗದ ಕೈ ಯಾರ ಹತ್ತಿರ ಇರಬೇಕು ಅಂತ ನಾವು ಮಾತೇ ಆಡಿರಲಿಲ್ಲ. ಸಂಜೆ ಬಸ್‌ಸ್ಟಾಪ್‌ಗೆ ವಾಪಸ್ ಬರುವಾಗ ಒಂದು ಮನೆಯ ಜಗಲಿಯ ಮೇಲೆ ಇದ್ದಿಲಲ್ಲಿ ಬರೆದ 25 ಮನೆ ಕಂಡಿತು, ಅರ್ಧ ಅಳಿಸಿತ್ತು. ಯಾರು ಆಡುತ್ತಿದ್ದರು ಅಂತ ಕೇಳಲು ಅಲ್ಲಿ ಯಾರೂ ಇರಲಿಲ್ಲ, ಹಾಲು ಹಾಕುವ ಹೊತ್ತು. ಮೈಸೂರಿಗೆ ಬಂದು 6 ಅನ್ನು 5 ಅಂತ ತಿದ್ದಿದೆ.