ಎಬಿ ಅಂತ ಕಂಡದ್ದು ಸಿಡಿಯೂ ಆಗಿರಬಹುದು

ಮಿನಿಟ್ಯಾಬ್ ಎಂಬ ಅಂಕಿಅಂಶ ಸಾಫ್ಟ್‌ವೇರ್‌ನಲ್ಲಿ ಫ್ಯಾಕ್ಟೋರಿಯಲ್ ಡಿಸೈನ್ (ಹಲವು ಫ್ಯಾಕ್ಟರ್, ಅಂದರೆ ಅಂಶಗಳನ್ನು ಒಟ್ಟಿಗೆ ಬದಲಿಸಿ ನೋಡುವ ಪ್ರಯೋಗ) ಕಲಿಯುತ್ತಿರುವವರಿಗೆ ಈ ಟಿಪ್ಪಣಿ. ಎರಡು ದಿನ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೆ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಉದಾಹರಣೆಗೆ ಇಂಜೆಕ್ಷನ್ ಮೋಲ್ಡಿಂಗ್ (ಕರಗಿದ ಪ್ಲಾಸ್ಟಿಕ್ ಅನ್ನು ಅಚ್ಚಿಗೆ ತುಂಬಿ ಪೀಸ್ ಮಾಡುವುದು) ತಗೊಳ್ಳೋಣ. ಅಳೆಯುವುದು ಪೀಸ್ ಎಷ್ಟು ಕುಗ್ಗಿತು ಅನ್ನುವುದನ್ನು. ಎ ಮೆಲ್ಟ್ ಟೆಂಪರೇಚರ್, ಬಿ ಹೋಲ್ಡಿಂಗ್ ಪ್ರೆಶರ್, ಸಿ ಕೂಲಿಂಗ್ ಟೈಮ್, ಡಿ ಇಂಜೆಕ್ಷನ್ ಸ್ಪೀಡ್. ಪ್ರತಿಯೊಂದಕ್ಕೂ ಎರಡು ಲೆವೆಲ್: ಕಡಿಮೆ −1, ಜಾಸ್ತಿ +1. ಎಲ್ಲ ಜೋಡಣೆಗಳನ್ನೂ ಪೂರ್ತಿ ಮಾಡಿದರೆ 16 ರನ್ (ಒಂದೊಂದು ಸಲದ ಪ್ರಯೋಗ), ಅರ್ಧ ಡಿಸೈನ್‌ಗೆ 8. ಇಲ್ಲಿ ತಗೊಂಡಿರುವುದು ಅರ್ಧದ್ದು.

ರನ್ ಕ್ರಮವನ್ನು ಸಾಫ್ಟ್‌ವೇರ್ ಕಲಸಿ ಕೊಡುತ್ತದೆ, ಅದೇ ಕ್ರಮದಲ್ಲಿ ಓಡಿಸಿ. ಟೆಂಪರೇಚರ್ ಪದೇ ಪದೇ ಬದಲಿಸೋದು ಕಷ್ಟ ಅಂತ ಕಡಿಮೆ ಟೆಂಪರೇಚರ್‌ನವನ್ನೆಲ್ಲ ಮೊದಲೇ ಮುಗಿಸಿದರೆ, ಹೊತ್ತು ಕಳೆದಂತೆ ಮೋಲ್ಡ್ ಬಿಸಿಯಾದದ್ದೂ ಎ ಖಾತೆಗೆ ಹೋಗುತ್ತದೆ.

ಈಗ ನಾನು ಎಡವಿದ ಜಾಗ. ಯಾವ ಪರಿಣಾಮ ಎಷ್ಟು ದೊಡ್ಡದು ಅಂತ ತೋರಿಸುವ ಪ್ಯಾರೆಟೊ ಚಾರ್ಟ್‌ನಲ್ಲಿ ಎಬಿ (ಎ, ಬಿ ಒಂದರ ಮೇಲೊಂದು ಅವಲಂಬಿಸಿ ಮಾಡುವ ಜಂಟಿ ಪರಿಣಾಮ) ಪಟ್ಟಿ ಉದ್ದವಾಗಿತ್ತು. ಸಿಡಿ ಅಲ್ಲಿ ಇರಲೇ ಇಲ್ಲ. ಹಾಗಾದರೆ ಸಿಡಿಗೆ ಪರಿಣಾಮ ಇಲ್ಲ ಅಂದುಕೊಂಡೆ. ಅದು ತಪ್ಪು. ಸಾಫ್ಟ್‌ವೇರ್ ಎರಡರಲ್ಲಿ ಒಂದರ ಹೆಸರನ್ನಷ್ಟೇ ಬರೆಯುತ್ತದೆ. ಯಾವುದರ ಜೊತೆ ಯಾವುದು ಬೆರೆತಿದೆ ಅಂತ ಹೇಳುವ ಏಲಿಯಾಸ್ ಪಟ್ಟಿ ತೆರೆದರೆ "ಎಬಿ + ಸಿಡಿ" ಅಂತ ಇರುತ್ತದೆ.

ಯಾಕೆ ಹೀಗೆ? ಕೈಯಲ್ಲೇ ಬರೆದು ನೋಡಿ, ನನಗೆ ಆಗಲೇ ಅರ್ಥವಾದದ್ದು. 8 ರನ್‌ನಲ್ಲಿ ಎ, ಬಿ, ಸಿ ಕಾಲಂಗಳು ಮಾಮೂಲಿ. ಡಿ ಕಾಲಂ ಮಾತ್ರ ಆ ಮೂರರ ಗುಣಲಬ್ಧ (ಕಾಲಂಗಳನ್ನು ಇಲ್ಲಿ ಅಡ್ಡಲಾಗಿ ಬರೆದಿದ್ದೇನೆ):

ಎ: − + − + − + − +
ಬಿ: − − + + − − + +
ಸಿ: − − − − + + + +
ಡಿ: − + + − + − − +

ಎ ಮತ್ತು ಬಿ ಗುಣಿಸಿ: + − − + + − − +. ಸಿ ಮತ್ತು ಡಿ ಗುಣಿಸಿ: + − − + + − − +. ಎರಡೂ ಒಂದೇ ಕಾಲಂ! ಕಾಲಂ ಒಂದೇ ಆದಮೇಲೆ ಎರಡನ್ನೂ ಬೇರೆ ಮಾಡಲು ಯಾವ ಸಾಫ್ಟ್‌ವೇರ್‌ಗೂ ಆಗುವುದಿಲ್ಲ. ಎಸಿ ಜೊತೆ ಬಿಡಿ, ಎಡಿ ಜೊತೆ ಬಿಸಿ ಕೂಡ ಹೀಗೇ ಅಂಟಿಕೊಂಡಿವೆ. ಎ ಮತ್ತು ಬಿ ಒಂಟಿಯಾಗಿಯೂ ದೊಡ್ಡದಾಗಿ ಕಂಡು, ಸಿ, ಡಿ ಚಿಕ್ಕದಾಗಿದ್ದರೆ ಎಬಿಯೇ ಇರಬಹುದು ಎಂಬ ಊಹೆ ಒಪ್ಪುವಂಥದ್ದೇ. ಆದರೂ ಅದು ಊಹೆ ಅಲ್ವಾ?

ಖಚಿತ ಮಾಡಿಕೊಳ್ಳಲು ಫೋಲ್ಡ್ ಮಾಡಬೇಕು, ಅಂದರೆ ಚಿಹ್ನೆ ತಿರುಗಿಸಿ ಇನ್ನೂ 8 ರನ್ ಸೇರಿಸಬೇಕು. ಇಲ್ಲೂ ಎಡವುವ ಜಾಗ ಒಂದಿದೆ. "ಎಲ್ಲಾ ಫ್ಯಾಕ್ಟರ್ ಫೋಲ್ಡ್ ಮಾಡು" ಎಂಬ ಆಯ್ಕೆ ಇಲ್ಲಿ ಕೆಲಸಕ್ಕೆ ಬಾರದು. ನಾಲ್ಕೂ ಚಿಹ್ನೆ ತಿರುಗಿದರೆ ಗುಣಲಬ್ಧ ಬದಲಾಗುವುದಿಲ್ಲ, ಹಳೆಯ 8 ರನ್‌ಗಳೇ ಮತ್ತೆ ಬರುತ್ತವೆ. ಮೇಲಿನ ಮೊದಲ ರನ್ (ಮೇಲಿಂದ ಕೆಳಗೆ ಓದಿ) − − − −, ಕೊನೆಯದು + + + +. ತಿರುಗಿಸಿದರೆ ಅವು ಜಾಗ ಅದಲುಬದಲು ಮಾಡಿಕೊಳ್ಳುತ್ತವೆ, ಅಷ್ಟೇ. ಡಿ ಒಂದನ್ನೇ ಫೋಲ್ಡ್ ಮಾಡಿ. ಆಗ ಎರಡನೇ ಅರ್ಧದಲ್ಲಿ ಸಿಗುವುದು ಎಬಿ − ಸಿಡಿ. ಮೊದಲ ಅರ್ಧದಲ್ಲಿ 6, ಎರಡನೆಯದರಲ್ಲಿ 4 ಬಂತು ಅನ್ನಿ. ಕೂಡಿಸಿ ಅರ್ಧ ಮಾಡಿದರೆ ಎಬಿ 5. ಕಳೆದು ಅರ್ಧ ಮಾಡಿದರೆ ಸಿಡಿ 1.

ಎರಡನೇ ಕಂತು ಬೇರೆ ದಿನ ಓಡಿಸುತ್ತೀರಾ? ಹಾಗಿದ್ದರೆ ಎರಡನ್ನೂ ಎರಡು ಬ್ಲಾಕ್ (ಬೇರೆ ಬೇರೆ ಹೊತ್ತಿನಲ್ಲಿ ಓಡಿಸಿದ ಗುಂಪು) ಅಂತ ಗುರುತು ಹಾಕಿ.