ಹಿಂದೆ ಬಿಡದ ಬಾಗಿಲುಗಳು

ಅಡಿಕೆ ಕೊನೆ ಕೊಯ್ಲಿನ ದಿನ. ತೀರ್ಥಹಳ್ಳಿ ಕಡೆಯ ನಮ್ಮ ತೋಟದಲ್ಲಿ ಬೆಳಗಿನಿಂದ ಮರದಿಂದ ಮರಕ್ಕೆ ದಾಟುತ್ತಿದ್ದ ಕೊನೆಗೌಡರು ಹತ್ತೂವರೆಗೆ ಇಳಿದು ಬಂದು ಜಗಲಿಯಲ್ಲಿ ಕೂತಿದ್ದರು. ಕೈಯಲ್ಲಿ ಮಜ್ಜಿಗೆ ಲೋಟ. ಮುಂಗೈ ಮೇಲಿನ ನರಗಳು ಹಗ್ಗದ ಹಾಗೆ ಎದ್ದು ನಿಂತಿದ್ದವು. ಮಾತಿನಲ್ಲಿ ನಾವು ನರ ಅನ್ನುತ್ತೇವಾದರೂ ಅವು ರಕ್ತವನ್ನು ಹೃದಯಕ್ಕೆ ವಾಪಸು ಒಯ್ಯುವ ಅಭಿಧಮನಿಗಳು. ಇಷ್ಟು ಚೆನ್ನಾಗಿ ಕಾಣುವ ಕೈ ಸಿಕ್ಕಾಗ ಸುಮ್ಮನಿರಲು ನನ್ನಿಂದಾಗುವುದಿಲ್ಲ; ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡಿದವನು ನಾನು.

"ಗೌಡ್ರೇ, ಒಂದು ನಿಮಿಷ ಕೈ ಕೊಡಿ" ಅಂದೆ.

"ಎಂತಕ್ಕೆ ಮೇಷ್ಟ್ರೇ, ನಾಡಿ ನೋಡ್ತೀರಾ?"

ಅವರ ಹೆಗಲ ಮೇಲಿದ್ದ ಟವೆಲನ್ನೇ ತೆಗೆದು ಮೊಣಕೈಯಿಂದ ಸ್ವಲ್ಪ ಮೇಲೆ ಹಗುರಾಗಿ ಕಟ್ಟಿದೆ. ಅಭಿಧಮನಿಗಳು ಇನ್ನಷ್ಟು ಉಬ್ಬಿದವು. ಅವುಗಳ ಉದ್ದಕ್ಕೂ ಅಲ್ಲಲ್ಲಿ ಬಿದಿರಿನ ಗೆಣ್ಣಿನಂಥ ಸಣ್ಣ ಗಂಟುಗಳು ಕಂಡವು. ಒಂದು ಅಭಿಧಮನಿಯ ಮೇಲೆ, ಗಂಟಿನ ಕೆಳಗೆ, ಒಂದು ಬೆರಳಿಟ್ಟು ಒತ್ತಿ ಹಿಡಿದೆ. ಇನ್ನೊಂದು ಬೆರಳಿನಿಂದ ಅಲ್ಲಿದ್ದ ರಕ್ತವನ್ನು ಮೊಣಕೈ ಕಡೆಗೆ, ಗಂಟು ದಾಟುವವರೆಗೆ, ನೀವಿ ಬಿಟ್ಟೆ. ಬೆರಳಿಗೂ ಗಂಟಿಗೂ ನಡುವಿನ ಜಾಗ ಚಪ್ಪಟೆಯಾಗಿ ಖಾಲಿ ಉಳಿಯಿತು. ಗಂಟಿನ ಆಚೆ ರಕ್ತ ತುಂಬಿ ನಿಂತಿದ್ದರೂ ಒಂದು ಹನಿ ಕೆಳಗೆ ಇಳಿಯಲಿಲ್ಲ. ಒತ್ತಿದ್ದ ಬೆರಳು ತೆಗೆದದ್ದೇ ತಡ, ಅಂಗೈ ಕಡೆಯಿಂದ ರಕ್ತ ಬಂದು ತುಂಬಿಕೊಂಡಿತು. ಗೌಡರು ಲೋಟ ಕೆಳಗಿಟ್ಟು ಇನ್ನೊಂದು ಸಲ ಮಾಡಿ ಅಂದರು. ಮೂರನೇ ಸಲ ತಾವೇ ಮಾಡಿಕೊಂಡರು.

ಆ ಗಂಟುಗಳೊಳಗೆ ಇರುವುದು ಕವಾಟ, ಅಂದರೆ ಒಂದೇ ಕಡೆಗೆ ತೆರೆಯುವ ಪುಟ್ಟ ಬಾಗಿಲು. 1628ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ ತನ್ನ ಪುಸ್ತಕದಲ್ಲಿ ಚಿತ್ರ ಸಮೇತ ಕೊಟ್ಟ ಪ್ರಯೋಗ ಇದೇ. ಅಲ್ಲಿಯವರೆಗೆ ಯುರೋಪಿನ ವೈದ್ಯರು ನಂಬಿದ್ದು ಬೇರೆ: ಪಿತ್ತಕೋಶದ ನೆರೆಯ ಯಕೃತ್ತು ಊಟದಿಂದ ರಕ್ತ ತಯಾರಿಸುತ್ತದೆ, ಹೊಲದ ಮಣ್ಣು ನೀರು ಹೀರುವ ಹಾಗೆ ದೇಹ ಅದನ್ನು ಹೀರಿ ಮುಗಿಸುತ್ತದೆ ಎಂದು. ಹಾರ್ವೆಗೆ ಇಟಲಿಯ ಪಡುವಾದಲ್ಲಿ ಗುರುವಾಗಿದ್ದ ಫ್ಯಾಬ್ರಿಷಿಯಸ್ 1603ರಲ್ಲೇ ಈ ಕವಾಟಗಳನ್ನು ವಿವರಿಸಿದ್ದ. ಆದರೆ ರಕ್ತ ಒಮ್ಮೆಲೇ ಕೈಕಾಲಿಗೆ ಇಳಿದುಬಿಡದಂತೆ ತಡೆಯುವ ಒಡ್ಡುಗಳು ಇವು ಅಂದುಕೊಂಡಿದ್ದ. ಬಾಗಿಲು ಕಣ್ಣೆದುರಿಗೇ ಇತ್ತು, ಅದು ಯಾವ ಕಡೆ ತೆರೆಯುತ್ತದೆ ಎಂಬುದರ ಅರ್ಥ ಹೊಳೆಯಲಿಲ್ಲ. ಶಿಷ್ಯನಿಗೆ ಹೊಳೆಯಿತು. ಎಲ್ಲ ಬಾಗಿಲೂ ಹೃದಯದ ಕಡೆಗೇ ತೆರೆಯುತ್ತವೆ ಎಂದಮೇಲೆ ಇವುಗಳಲ್ಲಿ ರಕ್ತ ಹೃದಯಕ್ಕೆ ಮರಳುತ್ತಿರಲೇಬೇಕು. ಹಾರ್ವೆ ಲೆಕ್ಕವನ್ನೂ ಹಾಕಿದ. ಅರ್ಧ ಗಂಟೆಯಲ್ಲಿ ಹೃದಯ ಹೊರಗೆ ತಳ್ಳುವ ರಕ್ತ ಇಡೀ ಮೈಯಲ್ಲಿರುವ ರಕ್ತಕ್ಕಿಂತ ಹೆಚ್ಚಾಯಿತು. ಅಷ್ಟನ್ನು ಹೊಸದಾಗಿ ತಯಾರಿಸಲು ಯಾವ ಊಟವೂ ಸಾಲದು. ಹೋದ ರಕ್ತವೇ ಸುತ್ತಿ ಬರುತ್ತಿದೆ. ಹೃದಯದಿಂದ ರಕ್ತ ಹೊರಗೆ ಒಯ್ಯುವ ಅಪಧಮನಿಯಿಂದ ಅಭಿಧಮನಿಗೆ ಅದು ದಾಟುವ ಕೂದಲಿಗಿಂತ ತೆಳುವಾದ ಲೋಮನಾಳಗಳನ್ನು ಮಾತ್ರ ಅವನು ನೋಡಲಾಗಲಿಲ್ಲ. 1661ರಲ್ಲಿ ಇಟಲಿಯ ವಿಜ್ಞಾನಿ ಮಾಲ್ಪೀಘಿ ಸೂಕ್ಷ್ಮದರ್ಶಕದಲ್ಲಿ ಕಪ್ಪೆಯ ಶ್ವಾಸಕೋಶ ನೋಡಿ ಅವನ್ನು ಕಂಡಾಗ ಹಾರ್ವೆ ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ಬಾವಿಗೆ ಪಂಪು ಇಟ್ಟವರಿಗೆ ಈ ವಿಷಯವನ್ನು ಬಿಡಿಸಿ ಹೇಳಬೇಕಿಲ್ಲ. ಮೋಟರು ಎಷ್ಟೇ ಹೊಸದಿರಲಿ, ಬಾವಿಯ ತಳದ ಫುಟ್‌ವಾಲ್ವಿಗೆ ಒಂದು ಎಲೆ ಸಿಕ್ಕಿಕೊಂಡರೆ ಸಾಕು, ಪೈಪಿನ ನೀರೆಲ್ಲ ಕೆಳಗಿಳಿದು ಹೋಗಿ ಪಂಪು ಬರಿದೇ ತಿರುಗುತ್ತದೆ. ಹೃದಯ ಅಂದರೆ ನಾವು ಬಡಿತದ ಬಗ್ಗೆಯೇ ಮಾತಾಡುತ್ತೇವೆ. ಒಂದು ಸ್ನಾಯುವಿನ ಚೀಲವನ್ನು ಹಿಂಡಿದರೆ ಒಳಗಿನ ರಕ್ತ ಎರಡೂ ಕಡೆಗೆ ಚಿಮ್ಮಬೇಕು ತಾನೆ? ಹಾಗಾಗದಂತೆ ನೋಡಿಕೊಳ್ಳುವುದು ನಾಲ್ಕು ಕವಾಟಗಳು. ನನ್ನ ಮಟ್ಟಿಗೆ ಹೃದಯದಲ್ಲಿ ನೋಡಿ ಬೆರಗುಪಡಬೇಕಾದದ್ದು ಅವನ್ನೇ.

ಹೃದಯ ಅವರವರ ಮುಷ್ಟಿಯಷ್ಟಿರುತ್ತದೆ, ತೂಕ ಸುಮಾರು 300 ಗ್ರಾಂ. ಮೇಲೆ ರಕ್ತ ಬಂದು ಸೇರುವ ಎರಡು ತೆಳುಗೋಡೆಯ ಕೋಣೆಗಳು, ಅಂದರೆ ಹೃತ್ಕರ್ಣಗಳು; ಕೆಳಗೆ ಅದನ್ನು ಹಿಂಡಿ ತಳ್ಳುವ ಎರಡು ಹೃತ್ಕುಕ್ಷಿಗಳು. ನಡುವಿನ ಗೋಡೆಯಿಂದಾಗಿ ಇದು ಒಂದಕ್ಕೊಂದು ಅಂಟಿಕೊಂಡ ಎರಡು ಪಂಪು. ಮೈಯೆಲ್ಲ ಸುತ್ತಿ ಬಂದ ರಕ್ತವನ್ನು ಬಲಗಡೆಯದು ಶ್ವಾಸಕೋಶಕ್ಕೆ ಕಳಿಸುತ್ತದೆ. ಅಲ್ಲಿ ಆಮ್ಲಜನಕ ತುಂಬಿಕೊಂಡು ಬಂದದ್ದನ್ನು ಎಡಗಡೆಯದು ಮಹಾಪಧಮನಿಯ ಮೂಲಕ ಇಡೀ ಮೈಗೆ ತಳ್ಳುತ್ತದೆ. ಸುಮ್ಮನೆ ಕೂತಿದ್ದಾಗ ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್, ನಿಮಿಷಕ್ಕೆ 72 ಬಡಿತ ಎಂದಿಟ್ಟುಕೊಂಡರೆ ನಿಮಿಷಕ್ಕೆ 5 ಲೀಟರ್. ದಿನಕ್ಕೆ ಸಾವಿರ ಲೀಟರಿನ ಏಳು ಟ್ಯಾಂಕು ತುಂಬಿ ಮಿಗುತ್ತದೆ. ಎರಡೂ ಪಂಪು ತಳ್ಳುವ ರಕ್ತದ ಪ್ರಮಾಣ ಒಂದೇ. ಬಲದ ಕುಕ್ಷಿಗೆ ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ ಮುಟ್ಟಿಸಿದರಾಯಿತು, ಪಾದರಸದ 25 ಮಿಲಿಮೀಟರ್ ಒತ್ತಡ ಸಾಕು. ಎಡದ್ದಕ್ಕೆ 120 ಬೇಕು. ಅದಕ್ಕೇ ಎಡಗೋಡೆ ಬಲಗೋಡೆಗಿಂತ ಮೂರು ಪಟ್ಟು ದಪ್ಪ. ಪಕ್ಕದ ತಗ್ಗಿನ ಗದ್ದೆಗೆ ನೀರು ಬಿಡುವ ಪಂಪಿಗೂ ಗುಡ್ಡದ ಮೇಲಿನ ಟ್ಯಾಂಕಿಗೆ ಹತ್ತಿಸುವ ಪಂಪಿಗೂ ಇರುವ ವ್ಯತ್ಯಾಸ.

ಇದನ್ನೆಲ್ಲ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಬಹುದು, ಹೇಳುತ್ತಲೂ ಇದ್ದೆ. ಆದರೆ ವರ್ಷಕ್ಕೊಮ್ಮೆ ಮಟನ್ ಅಂಗಡಿಯಿಂದ ಒಂದು ಕುರಿಯ ಹೃದಯ ತರುತ್ತಿದ್ದೆ. "ಕೊಯ್ಯಬೇಡಿ, ಇಡಿಯಾಗಿ ಕೊಡಿ" ಅಂತ ಮೊದಲೇ ಹೇಳಿಡಬೇಕು, ಇಲ್ಲದಿದ್ದರೆ ಅಭ್ಯಾಸಬಲದಿಂದ ಸೀಳಿಯೇ ಕೊಡುತ್ತಾರೆ. ಮೂಗು ಮುಚ್ಚಿಕೊಂಡು ಹಿಂದಿನ ಬೆಂಚಿಗೆ ಸರಿಯುವ ಮಕ್ಕಳು ಹತ್ತು ನಿಮಿಷದಲ್ಲಿ ಮೇಜಿಗೆ ಮುತ್ತಿಕೊಳ್ಳುತ್ತಿದ್ದರು.

ಮೊದಲು ಮಹಾಪಧಮನಿಯ ತುದಿಯನ್ನು ಮೇಲಕ್ಕೆ ಹಿಡಿದು ಲೋಟದಿಂದ ನೀರು ಹೊಯ್ಯುವುದು. ನೀರು ಒಳಗೆ ಇಳಿಯುವುದಿಲ್ಲ. ಬಗ್ಗಿ ನೋಡಿದರೆ ಅಂಗಿಯ ಜೇಬಿನಂಥ ಮೂರು ಪದರಗಳು ನೀರು ತುಂಬಿ ಉಬ್ಬಿ, ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ಹಿಂದೆ ಬರುವ ನೀರೇ ಬಾಗಿಲು ಮುಚ್ಚುತ್ತದೆ. ಅದಕ್ಕೆ ಸ್ನಾಯು ಬೇಡ, ಆಜ್ಞೆ ಬೇಡ. ಕವಾಟದ ಮೇಲಂಚಿನಲ್ಲೇ ಎರಡು ಸಣ್ಣ ತೂತು ಕಾಣುತ್ತವೆ. ಹೃದಯದ ಸ್ವಂತ ಸ್ನಾಯುವಿಗೆ ರಕ್ತ ಹೋಗುವುದು ಅಲ್ಲಿಂದ. ಕುಕ್ಷಿ ಹಿಂಡುತ್ತಿರುವಾಗ ಎಡಗೋಡೆಯೊಳಗಿನ ನಾಳಗಳೂ ಅದುಮಿಹೋಗುವುದರಿಂದ ಅದಕ್ಕೆ ರಕ್ತ ಮುಖ್ಯವಾಗಿ ಸಿಗುವುದು ಬಡಿತ ಬಡಿತದ ನಡುವಿನ ಬಿಡುವಿನಲ್ಲಿ. 0.8 ಸೆಕೆಂಡಿನ ಒಂದು ಬಡಿತದಲ್ಲಿ ಹಿಂಡುವ ಹೊತ್ತು ಸುಮಾರು 0.3 ಸೆಕೆಂಡು, ಉಳಿದದ್ದು ತುಂಬಿಕೊಳ್ಳುವ, ತಾನೂ ಉಣ್ಣುವ ಹೊತ್ತು.

ಆಮೇಲೆ ಎಡಕುಕ್ಷಿಯನ್ನು ಸೀಳಿ ಮಿಟ್ರಲ್ ಕವಾಟ ತೋರಿಸುತ್ತಿದ್ದೆ. ಹೃತ್ಕರ್ಣಕ್ಕೂ ಕುಕ್ಷಿಗೂ ನಡುವಿನ ಎರಡು ಎಸಳಿನ ಬಾಗಿಲು ಅದು. ಎಸಳಿನ ಅಂಚಿನಿಂದ ಬಿಳಿಯ ಗಟ್ಟಿ ದಾರಗಳು ಹೊರಟು ಕುಕ್ಷಿಯ ಗೋಡೆಯ ಸ್ನಾಯುಕಂಬಗಳಿಗೆ ಬಿಗಿದುಕೊಂಡಿರುತ್ತವೆ. ಇಷ್ಟೊಂದು ದಾರ ಯಾಕೆ? ಆಗುಂಬೆ ಮಳೆಯಲ್ಲಿ ಗಾಳಿಗೆ ಕೊಡೆ ಮಗುಚಿಕೊಂಡದ್ದು ನಮ್ಮ ಕಡೆ ಯಾವ ಮಗುವಿಗೆ ಗೊತ್ತಿಲ್ಲ! 120ರ ಒತ್ತಡ ಕೆಳಗಿನಿಂದ ಗುದ್ದಿದಾಗ ಎಸಳುಗಳೂ ಹಾಗೆಯೇ ಮೇಲಕ್ಕೆ ಮಗುಚಿಕೊಳ್ಳಬೇಕು. ಕುಕ್ಷಿ ಹಿಂಡುವಾಗ ಸ್ನಾಯುಕಂಬಗಳೂ ಬಿಗಿದು ದಾರ ಜಗ್ಗಿ ಹಿಡಿಯುವುದರಿಂದ ಅವು ಮಗುಚುವುದಿಲ್ಲ. ಆ ದಾರಗಳನ್ನು ಬೆರಳಿಂದ ಎಳೆದು ನೋಡಲು ಹೇಳಿದರೆ ಮಕ್ಕಳು ಹರಿಯಲಾಗದೆ ಸೋಲುತ್ತಿದ್ದರು.

ಸ್ಟೆತಾಸ್ಕೋಪಿನಲ್ಲಿ ಕೇಳುವ ‘ಲಬ್ ಡಬ್’ ಈ ಬಾಗಿಲುಗಳದ್ದೇ ಸದ್ದು. ಕುಕ್ಷಿ ಹಿಂಡತೊಡಗಿದಾಗ ಮೇಲಿನ ಎರಡು ಕವಾಟ ಮುಚ್ಚುವುದು ಲಬ್, ಹಿಂಡಿ ಮುಗಿದಾಗ ಹೊರದಾರಿಯ ಎರಡು ಮುಚ್ಚುವುದು ಡಬ್. ಕವಾಟ ಕಿರಿದಾದರೆ ಅಥವಾ ಸೋರಿದರೆ ಆ ಎರಡು ಸದ್ದಿನ ನಡುವೆ ಅಥವಾ ಆಚೆ ಬೇರೊಂದು ಸದ್ದು ಸೇರಿಕೊಳ್ಳುತ್ತದೆ.

ನಮ್ಮ ಸಣ್ಣತ್ತೆಯ ಎದೆಯಲ್ಲಿ ಆ ಸದ್ದಿತ್ತು. ಅಪ್ಪನ ಕೊನೆಯ ತಂಗಿ. ಮೂವತ್ತರ ಆಸುಪಾಸಿನಲ್ಲಿ ಕೊಟ್ಟಿಗೆಯಿಂದ ಹುಲ್ಲಿನ ಹೊರೆ ತರುವಾಗ ನಡುವೆ ನಿಂತು ಏದುಸಿರು ಬಿಡುತ್ತಿದ್ದಳು. ರಾತ್ರಿ ಮಲಗಿದರೆ ಕೆಮ್ಮು, ಎದ್ದು ಕೂತರೆ ಕಡಿಮೆ. ಮೊದಲು ತೋರಿಸಿದ ಕಡೆ ಉಬ್ಬಸ ಅಂದರು. ಮಲೆನಾಡಿನ ಥಂಡಿಗೆ ಉಬ್ಬಸ ಸಹಜ ಎಂದು ನಾವೂ ಒಪ್ಪಿಕೊಂಡು ಎರಡು ಮಳೆಗಾಲ ಕಳೆದೆವು. ಜೀವಶಾಸ್ತ್ರ ಓದಿದ ನನಗಾದರೂ ಅನುಮಾನ ಬರಬೇಕಿತ್ತು ಎಂಬ ನೋವು ಇವತ್ತಿಗೂ ಇದೆ. ಕೊನೆಗೆ ಶಿವಮೊಗ್ಗದಲ್ಲಿ ಒಬ್ಬ ವೈದ್ಯರು ಸ್ಟೆತಾಸ್ಕೋಪನ್ನು ಎದೆಯ ಎಡಭಾಗದಲ್ಲಿ ಒಂದೇ ಕಡೆ ಬಹಳ ಹೊತ್ತು ಇಟ್ಟುಕೊಂಡು ಕೇಳಿದರು. ಆಮೇಲೆ ಕೇಳಿದ ಪ್ರಶ್ನೆ: "ಚಿಕ್ಕವರಿದ್ದಾಗ ಜ್ವರ ಬಂದು ಗಂಟು ಗಂಟು ಊದಿಕೊಂಡಿತ್ತಾ?"

ಊದಿಕೊಂಡಿತ್ತು. ಹತ್ತು ವರ್ಷದವಳಿದ್ದಾಗ ಗಂಟಲು ನೋವು, ಅದಾಗಿ ಎರಡು ಮೂರು ವಾರಕ್ಕೆ ಜ್ವರ, ಮಂಡಿ ಊತ. ಇದು ರುಮ್ಯಾಟಿಕ್ ಜ್ವರ. ಗಂಟಲಿಗೆ ಬರುವ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದ ಮೇಲೆ ಹೋರಾಡಲು ಹೊರಟ ದೇಹ ಗುರುತು ತಪ್ಪಿ ತನ್ನದೇ ಕೀಲುಗಳ ಮೇಲೆ, ಹೃದಯದ ಮೇಲೆ ತಿರುಗಿ ಬೀಳುತ್ತದೆ. ಕೀಲು ವಾಸಿಯಾಗುತ್ತದೆ. ಕವಾಟ ಹಾಗಲ್ಲ, ಅದರ ಎಸಳುಗಳ ಅಂಚು ಗಾಯವಾಗಿ, ದಪ್ಪವಾಗಿ, ವರ್ಷಗಳು ಕಳೆದಂತೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹೆಚ್ಚಾಗಿ ಕೆಡುವುದು ಮಿಟ್ರಲ್ ಕವಾಟವೇ. 4ರಿಂದ 6 ಚದರ ಸೆಂಟಿಮೀಟರ್ ತೆರೆಯಬೇಕಾದ ಅತ್ತೆಯ ಕವಾಟ ಒಂದು ಚದರ ಸೆಂಟಿಮೀಟರ್ ಕೂಡ ತೆರೆಯುತ್ತಿರಲಿಲ್ಲ. ಮುಂದೆ ಹೋಗಲಾರದ ರಕ್ತ ಶ್ವಾಸಕೋಶದಲ್ಲೇ ಕಟ್ಟಿಕೊಂಡು ಉಸಿರು ಹಿಡಿಯುತ್ತಿತ್ತು.

ಜಪಾನಿನ ಕಾಂಜಿ ಇನೋವೆ 1984ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಎದೆ ಕೊಯ್ಯಬೇಕಾಗಿಲ್ಲ. ಬೆಂಗಳೂರಿನಲ್ಲಿ ಅತ್ತೆಗೆ ಮಾಡಿದ್ದು ಅದನ್ನೇ. ತೊಡೆಯ ಅಭಿಧಮನಿಯಿಂದ ತೆಳ್ಳಗಿನ ಕೊಳವೆ ಹಾಯಿಸಿ, ಬಲ ಹೃತ್ಕರ್ಣದಿಂದ ನಡುಗೋಡೆಗೆ ಸಣ್ಣ ತೂತು ಮಾಡಿ ಎಡಕ್ಕೆ ದಾಟಿಸಿ, ಅಂಟಿಕೊಂಡ ಎಸಳುಗಳ ನಡುವೆ ಒಂದು ಬಲೂನನ್ನು ಕೆಲವೇ ಸೆಕೆಂಡು ಉಬ್ಬಿಸುತ್ತಾರೆ. ಅಂಟು ಬಿಡುತ್ತದೆ. ಆ ರಾತ್ರಿ ಅತ್ತೆ ಎರಡು ವರ್ಷದಲ್ಲಿ ಮೊದಲ ಬಾರಿ ಒಂದೇ ದಿಂಬಿಟ್ಟುಕೊಂಡು ಅಂಗಾತ ಮಲಗಿದಳು.

ಗಂಟಲ ಸೋಂಕು ಮರಳಿ ಬಂದು ಕವಾಟವನ್ನು ಇನ್ನಷ್ಟು ಕೆಡಿಸದಂತೆ ಮೂರು ವಾರಕ್ಕೊಂದು ಪೆನಿಸಿಲಿನ್ ಚುಚ್ಚುಮದ್ದು ವರ್ಷಗಟ್ಟಲೆ ನಡೆಯಿತು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ತಾರೀಕುಗಳಿಗೆ ಅವಳೇ ಕುಂಕುಮದಿಂದ ಚುಕ್ಕಿ ಇಡುತ್ತಿದ್ದಳು. ಈಗ ಮನೆ ತುಂಬ ಮೊಮ್ಮಕ್ಕಳು. ಮಳೆಗಾಲದಲ್ಲಿ ಯಾರಿಗಾದರೂ ಗಂಟಲು ನೋವು, ಜ್ವರ ಎಂದರೆ ಕಾಳುಮೆಣಸಿನ ಕಷಾಯ ಕೊಟ್ಟು ಸುಮ್ಮನಾಗುವವಳಲ್ಲ. "ಬಾಯಿ ತೆಗಿ, ಆ ಅನ್ನು" ಅಂತ ಟಾರ್ಚು ಬಿಟ್ಟು ಗಂಟಲು ನೋಡುತ್ತಾಳೆ, ಬೆಳಗಿನ ಮೊದಲ ಬಸ್ಸಿಗೆ ಡಾಕ್ಟರ ಹತ್ತಿರ ಕಳಿಸುತ್ತಾಳೆ.